ಆಗಸದ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ 2025ರ ಜನವರಿ 29ರ ರಾತ್ರಿ, ಇನ್ನೇನು ನೆಲ ಮುಟ್ಟಲಿದ್ದ ಪ್ರಯಾಣಿಕರ ವಿಮಾನವೂ ಸೇನೆಯ ಹೆಲಿಕಾಪ್ಟರೂ ಪರಸ್ಪರ ಡಿಕ್ಕಿ ಹೊಡೆದು ಪೊಟೊಮ್ಯಾಕ್ ನದಿಗೆ ಬಿದ್ದವು. 67 ಮಂದಿ ಪ್ರಾಣ ಕಳೆದುಕೊಂಡರು. ಆನಂತರದ ಚರ್ಚೆಯೆಲ್ಲ ಪೈಲಟ್‌ಗಳು ಏನನ್ನು ನೋಡಿದರು, ನಿಯಂತ್ರಣ ಗೋಪುರದಲ್ಲಿ ಎಷ್ಟು ಮಂದಿ ಇದ್ದರು, ನದಿಯ ಮೇಲಿನ ಹೆಲಿಕಾಪ್ಟರ್ ಮಾರ್ಗವನ್ನು ಅಷ್ಟು ಇಕ್ಕಟ್ಟಿನಲ್ಲಿ ಏಕೆ ರೂಪಿಸಲಾಯಿತು ಎಂಬುದರ ಸುತ್ತಲೇ ನಡೆಯಿತು. ಅದು ಸಹಜ. ಆದರೆ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂದ ಎರಡು ಸಣ್ಣ ಸಂಗತಿಗಳು ನನ್ನ ಗಮನವನ್ನು ಹೆಚ್ಚು ಸೆಳೆದವು.

ಮೊದಲನೆಯದು: ತನ್ನ ಸ್ಥಾನವನ್ನು ತಾನೇ ಬಿತ್ತರಿಸಬೇಕಾದ ಎಡಿಎಸ್-ಬಿ ಎಂಬ ಸಾಧನದಿಂದ ಆ ಹೆಲಿಕಾಪ್ಟರ್ ಅಪಘಾತಕ್ಕೆ ಮುಂಚಿನ 730 ದಿನಗಳಲ್ಲಿ ಒಮ್ಮೆಯೂ ಸಂಕೇತ ಹೊರಡಿಸಿರಲಿಲ್ಲ. ಎರಡನೆಯದು: ಅದೇ ದಳದ ಬೇರೆ ಹೆಲಿಕಾಪ್ಟರ್‌ಗಳನ್ನು ಪರೀಕ್ಷೆಗೆ ಒಳಪಡಿಸಿದಾಗ, ವಾಯುಭಾರದ ಆಧಾರದ ಮೇಲೆ ಎತ್ತರ ತೋರಿಸುವ ಮಾಪಕಕ್ಕೂ ವಾಸ್ತವ ಎತ್ತರಕ್ಕೂ 80ರಿಂದ 130 ಅಡಿಗಳಷ್ಟು ವ್ಯತ್ಯಾಸ ಕಂಡುಬಂತು. ಆ ಮಾರ್ಗದಲ್ಲಿ ಹೆಲಿಕಾಪ್ಟರ್‌ಗಳು ಏರಬಹುದಾಗಿದ್ದ ಗರಿಷ್ಠ ಎತ್ತರ 200 ಅಡಿ. ಡಿಕ್ಕಿ ಸಂಭವಿಸಿದ್ದು ಸುಮಾರು 280 ಅಡಿ ಎತ್ತರದಲ್ಲಿ. ಈ ಎರಡೂ ಅಪಘಾತದ ಏಕೈಕ ಕಾರಣಗಳೆಂದು ಯಾರೂ ಹೇಳುತ್ತಿಲ್ಲ. ಆದರೆ ಎರಡು ವರ್ಷ ಮೂಕವಾಗಿದ್ದ ಸಾಧನವೊಂದು ಯಾರ ಕಣ್ಣಿಗೂ ಬೀಳಲಿಲ್ಲ, ಎತ್ತರದ ವ್ಯತ್ಯಾಸ ಡಿಕ್ಕಿಯಾದ ಮೇಲೆ ಬೆಳಕಿಗೆ ಬಂತು ಎಂಬುದು ಆಡಳಿತದಲ್ಲಿ ಕೆಲಸ ಮಾಡಿದ ಯಾರನ್ನೇ ಆದರೂ ಯೋಚನೆಗೆ ಹಚ್ಚಬೇಕು.

ಪ್ರಶ್ನೆ, ಉತ್ತರದ ವ್ಯವಸ್ಥೆ

ವಿಮಾನ ಎಲ್ಲಿದೆ ಎಂಬುದನ್ನು ರೇಡಾರ್ ತಾನಾಗಿಯೇ ಪತ್ತೆ ಹಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಹಳೆಯ ಮಾದರಿಯ ಪ್ರಾಥಮಿಕ ರೇಡಾರ್ ತೋರಿಸುವುದು ಒಂದು ಚುಕ್ಕೆಯನ್ನು ಮಾತ್ರ. ಆ ಚುಕ್ಕೆ ಯಾರದು, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅದು ಹೇಳಲಾರದು. ಅದನ್ನು ತಿಳಿಯಬೇಕಾದರೆ ವಿಮಾನವನ್ನೇ ಕೇಳಬೇಕು. ನೆಲದ ದ್ವಿತೀಯಕ ರೇಡಾರ್ 1030 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಪ್ರಶ್ನೆ ಕಳಿಸುತ್ತದೆ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ತನ್ನ ಗುರುತು ಮತ್ತು ಎತ್ತರವನ್ನು ಉತ್ತರವಾಗಿ ಹೇಳುತ್ತದೆ. ಇದೇ ಸಂಭಾಷಣೆಯನ್ನು ವಿಮಾನ ವಿಮಾನಗಳ ನಡುವೆ ನಡೆಸುವ ಸಾಧನವೇ ಟಿಕಾಸ್ ಎಂದು ಕರೆಯಲಾಗುವ ಡಿಕ್ಕಿ ತಡೆ ವ್ಯವಸ್ಥೆ. ಅದು ಸುತ್ತಲಿನ ವಿಮಾನಗಳನ್ನು ವಿಚಾರಿಸಿ, ಅಪಾಯ ಹತ್ತಿರವಾದರೆ ‘ಏರು’ ಅಥವಾ ‘ಇಳಿ’ ಎಂದು ಪೈಲಟ್‌ಗೆ ಆದೇಶ ನೀಡುತ್ತದೆ. ಎಡಿಎಸ್-ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರೂ ಕೇಳದಿದ್ದರೂ ತನ್ನ ಸ್ಥಾನವನ್ನು ಬಿತ್ತರಿಸುತ್ತಿರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಈ ಇಡೀ ವ್ಯವಸ್ಥೆ ಉತ್ತರಿಸುವವನ ಪ್ರಾಮಾಣಿಕತೆಯ ಮೇಲೆ ನಿಂತಿದೆ. ವಿಮಾನವು 14,000 ಅಡಿ ಎಂದರೆ ನಿಯಂತ್ರಕರ ಪರದೆಯ ಮೇಲೂ 14,000 ಅಡಿ, ಎದುರಿನ ವಿಮಾನದ ಟಿಕಾಸ್‌ನಲ್ಲೂ 14,000 ಅಡಿ. ಸಾಧನ ಸುಳ್ಳು ಹೇಳಿದರೆ ಎಲ್ಲರೂ ಆ ಸುಳ್ಳನ್ನೇ ನಂಬುತ್ತಾರೆ. ಸುಮ್ಮನಾದರೆ ಟಿಕಾಸ್ ಪಾಲಿಗೆ ಆ ವಿಮಾನವೇ ಇಲ್ಲ.

ಇದರ ಬೆಲೆಯನ್ನು ನಮ್ಮ ದೇಶ ಎಲ್ಲರಿಗಿಂತ ಹೆಚ್ಚು ತೆತ್ತಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ಜಂಬೋ ವಿಮಾನಕ್ಕೂ ಕಜಕಸ್ತಾನದ ಇಲ್ಯುಶಿನ್ ವಿಮಾನಕ್ಕೂ ಡಿಕ್ಕಿಯಾಗಿ 349 ಮಂದಿ ಅಸುನೀಗಿದರು. ಆಕಾಶದಲ್ಲಿ ನಡೆದ ಡಿಕ್ಕಿಗಳ ಪೈಕಿ ಜಗತ್ತಿನಲ್ಲಿ ಇಂದಿಗೂ ಅತಿ ಹೆಚ್ಚು ಬಲಿ ಪಡೆದದ್ದು ಅದೇ. 15,000 ಅಡಿಗೆ ಮಾತ್ರ ಇಳಿಯಬೇಕಿದ್ದ ಇಲ್ಯುಶಿನ್ ಅದಕ್ಕಿಂತ ಕೆಳಗೆ ಬಂತು. ಜಂಬೋ 14,000 ಅಡಿಯಲ್ಲಿತ್ತು. ದೆಹಲಿಯ ನಿಯಂತ್ರಕರ ಮುಂದಿದ್ದುದು ಎತ್ತರ ತೋರಿಸದ ಪ್ರಾಥಮಿಕ ರೇಡಾರ್. ಎರಡು ವಿಮಾನಗಳಲ್ಲಿ ಯಾವುದರಲ್ಲೂ ಟಿಕಾಸ್ ಇರಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ಬರುವ ಮತ್ತು ಹೋಗುವ ವಿಮಾನಗಳ ಮಾರ್ಗಗಳು ಬೇರೆಯಾದವು, ಡಿಕ್ಕಿ ತಡೆ ಸಾಧನ ಕಡ್ಡಾಯವಾಯಿತು.

ಆದರೆ ಸಾಧನ ಕಡ್ಡಾಯ ಮಾಡುವುದು ಒಂದು, ಅದು ಪ್ರತಿದಿನ ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಇನ್ನೊಂದು. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ 37,000 ಅಡಿ ಎತ್ತರದಲ್ಲಿ ಬೋಯಿಂಗ್ ವಿಮಾನವೊಂದು ಸಣ್ಣ ಜೆಟ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಎರಡರಲ್ಲೂ ಟಿಕಾಸ್ ಇತ್ತು. ಆದರೆ ಸಣ್ಣ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರ ಕೊಡುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಅದು ಮೌನವಾದಾಗ ಟಿಕಾಸ್ ಕೂಡ ನಿಷ್ಕ್ರಿಯವಾಯಿತು. ಬೋಯಿಂಗ್‌ನಲ್ಲಿದ್ದ 154 ಮಂದಿಯೂ ಸತ್ತರು. ಮೌನವಾಗಿದ್ದ ವಿಮಾನದ ಏಳು ಮಂದಿ ಸುರಕ್ಷಿತವಾಗಿ ನೆಲ ಮುಟ್ಟಿದರು. ಈ ವಿಪರ್ಯಾಸದಲ್ಲಿ ದೊಡ್ಡದೊಂದು ಆರ್ಥಿಕ ಪಾಠವಿದೆ. ಅದಕ್ಕೆ ಮುಂದೆ ಬರುತ್ತೇನೆ.

ನೆಲದ ಮೇಲಿನ ಪರೀಕ್ಷೆ

ಈ ಸಾಧನಗಳ ಯೋಗ್ಯತೆ ನಿರ್ಧಾರವಾಗುವುದು ಆಕಾಶದಲ್ಲಿ ಅಲ್ಲ. ಹ್ಯಾಂಗರ್‌ನಲ್ಲಿ, ರಾತ್ರಿ ಪಾಳಿಯ ತಂತ್ರಜ್ಞನ ಕೈಯಲ್ಲಿ. ಆತ ಒಂದು ಕೈಪೆಟ್ಟಿಗೆಯಷ್ಟು ದೊಡ್ಡದಾದ ಪರೀಕ್ಷಾ ಯಂತ್ರವನ್ನು ವಿಮಾನದ ಎದುರಿಗೆ ಇಡುತ್ತಾನೆ. ಅದು ರೇಡಾರ್‌ನಂತೆ ಪ್ರಶ್ನೆ ಕೇಳುತ್ತದೆ. ಉತ್ತರದ ತರಂಗಾಂತರ ಸರಿಯಿದೆಯೇ, ಶಕ್ತಿ ಸಾಕಷ್ಟಿದೆಯೇ, ಕ್ಷೀಣ ಪ್ರಶ್ನೆಯೂ ಕೇಳಿಸುತ್ತದೆಯೇ ಎಂದು ಅಳೆಯುತ್ತದೆ. ಇನ್ನೊಂದು ಯಂತ್ರ ವಿಮಾನದ ಹೊರಮೈಯ ರಂಧ್ರಗಳಿಗೆ ಕೃತಕ ವಾಯುಭಾರ ನೀಡಿ, ನೆಲದ ಮೇಲೆ ನಿಂತ ವಿಮಾನಕ್ಕೆ ತಾನು 10,000 ಅಡಿಯಲ್ಲೋ 30,000 ಅಡಿಯಲ್ಲೋ ಹಾರುತ್ತಿರುವ ಭ್ರಮೆ ಹುಟ್ಟಿಸುತ್ತದೆ. ಆಗ ಟ್ರಾನ್ಸ್‌ಪಾಂಡರ್ ಹೇಳುವ ಎತ್ತರಕ್ಕೂ ಪೈಲಟ್ ಮುಂದಿನ ಮಾಪಕಕ್ಕೂ ತಾಳೆಯಿದೆಯೇ ಎಂದು ನೋಡಲಾಗುತ್ತದೆ. ಅಮೆರಿಕದ ನಾಗರಿಕ ವಿಮಾನಗಳ ನಿಯಮದಂತೆ ಈ ಪರೀಕ್ಷೆ 24 ತಿಂಗಳಿಗೊಮ್ಮೆ ಆಗಬೇಕು, ವ್ಯತ್ಯಾಸ 125 ಅಡಿ ಮೀರಬಾರದು.

ಈ ಪರೀಕ್ಷೆಯೇ ಒಂದು ಅಪಾಯವನ್ನೂ ಹುಟ್ಟುಹಾಕಬಲ್ಲದು. ಹ್ಯಾಂಗರ್‌ನಲ್ಲಿ ನಿಂತ ವಿಮಾನ 10,000 ಅಡಿ ಎಂದು ಉತ್ತರಿಸುತ್ತಿರುವಾಗ, ನಿಜವಾಗಿಯೂ 10,000 ಅಡಿಯಲ್ಲಿ ವಿಮಾನ ನಿಲ್ದಾಣದತ್ತ ಬರುತ್ತಿರುವ ಇನ್ನೊಂದು ವಿಮಾನದ ಟಿಕಾಸ್ ಆ ಉತ್ತರವನ್ನು ಕೇಳಿಸಿಕೊಂಡರೆ? ಅದರ ಲೆಕ್ಕದಲ್ಲಿ ತನ್ನದೇ ಎತ್ತರದಲ್ಲಿ, ಕ್ಷಣಕ್ಷಣಕ್ಕೂ ಹತ್ತಿರವಾಗುತ್ತಿರುವ ವಿಮಾನವೊಂದಿದೆ. ಅದು ಪೈಲಟ್‌ಗೆ ‘ಏರು’ ಎನ್ನುತ್ತದೆ. ಇಲ್ಲದ ವಿಮಾನದಿಂದ ತಪ್ಪಿಸಿಕೊಳ್ಳಲು ಹೋಗಿ, ಇರುವ ವಿಮಾನದ ದಾರಿಗೆ ಅಡ್ಡ ಬರುವ ಸಾಧ್ಯತೆ ಕಲ್ಪನೆಯ ಮಾತಲ್ಲ.

ಆದ್ದರಿಂದಲೇ ಯೂರೋಪಿನಲ್ಲಿ ಈ ಕೆಲಸಕ್ಕೆ ಸ್ಪಷ್ಟ ಶಿಸ್ತು ರೂಪುಗೊಂಡಿದೆ. ಪರೀಕ್ಷೆಗೆ ಮೊದಲು ಸ್ಥಳೀಯ ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ ತಿಳಿಸಬೇಕು. ಸಾಧ್ಯವಾದರೆ ಹ್ಯಾಂಗರ್ ಒಳಗೇ ಪರೀಕ್ಷಿಸಬೇಕು. ಆಂಟೆನಾಗಳಿಗೆ ತರಂಗ ಹೊರಹೋಗದಂತೆ ತೊಡಿಗೆ ಹಾಕಬೇಕು. ಪರೀಕ್ಷೆಗೆಂದೇ ಮೀಸಲಾದ 7776 ಸಂಕೇತ ಬಳಸಬೇಕು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಸಾಧನವನ್ನು ಸುಪ್ತ ಸ್ಥಿತಿಯಲ್ಲಿಡಬೇಕು. ಇವುಗಳಲ್ಲಿ ಯಾವುದೂ ದುಬಾರಿಯಲ್ಲ. ಬೇಕಿರುವುದು ಒಂದು ದೂರವಾಣಿ ಕರೆ, ಒಂದು ಆಂಟೆನಾ ತೊಡಿಗೆ ಮತ್ತು ಸ್ವಲ್ಪ ತಾಳ್ಮೆ.

ಹೇಳದೆ ಕೇಳದೆ ಪರೀಕ್ಷೆ ನಡೆಸಿದರೆ ಏನಾಗುತ್ತದೆ ಎಂಬುದಕ್ಕೂ ವಾಷಿಂಗ್ಟನ್ನೇ ಸಾಕ್ಷಿ. ಜನವರಿಯ ದುರಂತ ನಡೆದು ಐದು ವಾರ ತುಂಬುವ ಮೊದಲೇ, 2025ರ ಮಾರ್ಚ್ 1ರಂದು, ಅದೇ ನಿಲ್ದಾಣಕ್ಕೆ ಇಳಿಯುತ್ತಿದ್ದ ಹಲವು ವಿಮಾನಗಳಲ್ಲಿ ಟಿಕಾಸ್ ಸುಳ್ಳು ಎಚ್ಚರಿಕೆ ಮೊಳಗಿತು. ಸಮೀಪದಲ್ಲಿ ನೌಕಾಪಡೆ ಮತ್ತು ಸೀಕ್ರೆಟ್ ಸರ್ವಿಸ್ ನಡೆಸುತ್ತಿದ್ದ ಡ್ರೋನ್ ನಿಗ್ರಹ ಉಪಕರಣದ ಪರೀಕ್ಷೆಯೇ ಅದಕ್ಕೆ ಕಾರಣ ಎಂಬ ವಿಚಾರ ಅಮೆರಿಕದ ಸೆನೆಟ್‌ನ ವಿಚಾರಣೆಯಲ್ಲಿ ಹೊರಬಂತು. ಸರ್ಕಾರದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ತಿಳಿಯದಿರುವುದು ನಮ್ಮ ದೇಶದ ಏಕಸ್ವಾಮ್ಯವಲ್ಲ ಎಂಬುದಷ್ಟೇ ಇಲ್ಲಿನ ಸಮಾಧಾನ.

ಇನ್ನು ದೋಷ ಪತ್ತೆಯ ಮಾತು. ‘ನಿಮ್ಮ ಎತ್ತರ ನಮಗೆ ಕಾಣಿಸುತ್ತಿಲ್ಲ’ ಎಂದು ನಿಯಂತ್ರಕರು ಹೇಳಿದರೆ ಪೈಲಟ್ ಅದನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ಮರುದಿನದ ಮೊದಲ ಹಾರಾಟಕ್ಕೆ ವಿಮಾನ ಸಿದ್ಧವಾಗಬೇಕು. ಅವಸರದಲ್ಲಿ ಮಾಡುವ ಸುಲಭದ ಕೆಲಸವೆಂದರೆ ಪೆಟ್ಟಿಗೆ ಬದಲಿಸುವುದು. ಬಿಚ್ಚಿದ ಪೆಟ್ಟಿಗೆ ಕಾರ್ಯಾಗಾರಕ್ಕೆ ಹೋಗಿ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಮರಳುತ್ತದೆ. ಏಕೆಂದರೆ ದೋಷ ಇದ್ದುದು ಪೆಟ್ಟಿಗೆಯಲ್ಲಲ್ಲ; ತೇವ ಹಿಡಿದ ಕನೆಕ್ಟರ್‌ನಲ್ಲಿ, ಬಾಗಿದ ಕೇಬಲ್‌ನಲ್ಲಿ ಅಥವಾ ಆಂಟೆನಾ ಬುಡದ ತುಕ್ಕಿನಲ್ಲಿ. ವಿಮಾನ ಒಂದು ಬದಿಗೆ ವಾಲಿದಾಗ ಮಾತ್ರ ಸಂಕೇತ ತಪ್ಪುವ ದೋಷವನ್ನು ನೆಲದ ಮೇಲೆ ಹಿಡಿಯುವುದು ಸುಲಭವಲ್ಲ.

ಪೆಟ್ಟಿಗೆ ಬದಲಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ವಿಮಾನಕ್ಕೂ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ 24 ಬಿಟ್‌ಗಳ ವಿಳಾಸವಿರುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಹಂಚಿಕೆಯಲ್ಲಿ ಭಾರತಕ್ಕೆ ದೊರೆತಿರುವುದು 2,62,144 ವಿಳಾಸಗಳು. ಸಾಧನ ಬದಲಿಸುವಾಗ ವಿಳಾಸ ತಪ್ಪಾಗಿ ನಮೂದಾದರೆ ಎರಡು ವಿಮಾನಗಳು ಒಂದೇ ಹೆಸರಿನಲ್ಲಿ ಹಾರಾಡುತ್ತವೆ. ಟಿಕಾಸ್ ತನ್ನದೇ ವಿಳಾಸದಿಂದ ಬಂದ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಒಂದೇ ವಿಳಾಸದ ಎರಡು ವಿಮಾನಗಳು ಎದುರಾದರೆ ಅವು ಪರಸ್ಪರರಿಗೆ ಅದೃಶ್ಯ.

ತಕ್ಕಡಿಯ ಅರ್ಥಶಾಸ್ತ್ರ

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ಎಂಜಿನ್ ಕೆಟ್ಟರೆ ನಷ್ಟ ಆ ವಿಮಾನದ್ದೇ. ಆದುದರಿಂದ ಮಾಲೀಕ ತಾನಾಗಿಯೇ ಜಾಗ್ರತೆ ವಹಿಸುತ್ತಾನೆ. ಟ್ರಾನ್ಸ್‌ಪಾಂಡರ್‌ನ ಸ್ವಭಾವ ಬೇರೆ. ಅದು ಮುಖ್ಯವಾಗಿ ಇತರರಿಗೆ ನನ್ನನ್ನು ತೋರಿಸುವ ಸಾಧನ. ಅದು ಕೆಟ್ಟರೂ ನನ್ನ ಹಾರಾಟ ನಿಲ್ಲುವುದಿಲ್ಲ, ಇಂಧನ ಹೆಚ್ಚು ಖರ್ಚಾಗುವುದಿಲ್ಲ, ಪ್ರಯಾಣಿಕರಿಗೆ ಗೊತ್ತಾಗುವುದಿಲ್ಲ. ಅದನ್ನು ಸುಸ್ಥಿತಿಯಲ್ಲಿಡುವ ಖರ್ಚು ನನ್ನದು, ಲಾಭದ ದೊಡ್ಡ ಪಾಲು ಪರರದು. ಬ್ರೆಜಿಲ್‌ನಲ್ಲಿ ಮೌನವಾಗಿದ್ದವರು ಬದುಕಿದರು, ಎದುರಿನವರು ಸತ್ತರು. ಇಂಥ ಬಾಹ್ಯ ಪರಿಣಾಮವಿರುವ ಕಡೆ ಮಾರುಕಟ್ಟೆ ತಾನಾಗಿ ಸಾಕಷ್ಟು ಜಾಗ್ರತೆಯನ್ನು ಉತ್ಪಾದಿಸುವುದಿಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಲ್ಲಿ ಪ್ರಭುತ್ವ ಇರಲೇಬೇಕು.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಸಂತೆಯ ತಕ್ಕಡಿಗೆ, ಸೇರು ಪಾವುಗಳಿಗೆ ಸರ್ಕಾರದ ಮುದ್ರೆ ಬೇಕೆಂಬ ನಿಯಮ ಹುಟ್ಟಿದ್ದು ಇದೇ ವಿವೇಕದಿಂದ. ಜಿಲ್ಲಾಡಳಿತದಲ್ಲಿದ್ದ ವರ್ಷಗಳಲ್ಲಿ ತೂಕ ಮತ್ತು ಅಳತೆಯ ನಿರೀಕ್ಷಕರ ಕೆಲಸವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಅನುಭವಸ್ಥರು ತಕ್ಕಡಿಯನ್ನು ಕಚೇರಿಗೆ ತರಿಸಿ ಮುದ್ರೆ ಒತ್ತುವುದಕ್ಕಿಂತ, ಸಂತೆಯ ದಿನ ಅಂಗಡಿಯಲ್ಲೇ ಹೋಗಿ ನೋಡುವುದನ್ನು ಹೆಚ್ಚು ನಂಬುತ್ತಿದ್ದರು. ಕಚೇರಿಯಲ್ಲಿ ಎಲ್ಲ ತಕ್ಕಡಿಗಳೂ ಸಾಚಾ. ನೂರಾರು ಕೋಟಿ ರೂಪಾಯಿಯ ವಿಮಾನಕ್ಕೂ ಈ ಮಾತು ಅನ್ವಯಿಸುತ್ತದೆ. ಎರಡು ವರ್ಷಕ್ಕೊಮ್ಮೆ ಹ್ಯಾಂಗರ್‌ನಲ್ಲಿ ನಡೆಯುವ ಪರೀಕ್ಷೆ ಅಗತ್ಯ, ಆದರೆ ಸಾಲದು.

ನಮ್ಮ ಸ್ಥಿತಿ ಹೇಗಿದೆ? 2003ರ ನವೆಂಬರ್‌ನಿಂದ ನಮ್ಮ ಆಕಾಶದಲ್ಲಿ 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಲಂಬ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸಲಾಗಿದೆ. ಎತ್ತರ ಹೇಳುವ ಸಾಧನಗಳ ಮೇಲಿನ ನಂಬಿಕೆಯೇ ಅದಕ್ಕೆ ಆಧಾರ. 2023ರ ಒಂದೇ ವರ್ಷದಲ್ಲಿ ನಮ್ಮ ಎರಡು ದೊಡ್ಡ ವಿಮಾನ ಸಂಸ್ಥೆಗಳು 470 ಮತ್ತು 500 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಬೆಂಗಳೂರಿನ ಆಕಾಶವೂ ನಿಶ್ಚಿಂತವಲ್ಲ. 2022ರ ಜನವರಿಯಲ್ಲಿ ದೇವನಹಳ್ಳಿಯ ಎರಡು ಸಮಾನಾಂತರ ಓಡುದಾರಿಗಳಿಂದ ಏಕಕಾಲಕ್ಕೆ ಮೇಲೇರಿದ ಎರಡು ವಿಮಾನಗಳು ಪರಸ್ಪರ ಹತ್ತಿರವಾದವು. ರೇಡಾರ್ ಪರದೆಯ ಮುಂದಿದ್ದ ನಿಯಂತ್ರಕರು ಸಕಾಲಕ್ಕೆ ದಿಕ್ಕು ಬದಲಿಸಲು ಹೇಳಿದ್ದರಿಂದ ಅನಾಹುತ ತಪ್ಪಿತು. ಆ ಪರದೆಯ ಮೇಲಿನ ಗುರುತು ಮತ್ತು ಎತ್ತರ ಸರಿಯಾಗಿದ್ದುದರ ಹಿಂದೆ ಯಾವುದೋ ಹ್ಯಾಂಗರ್‌ನ ಯಾವುದೋ ತಂತ್ರಜ್ಞನ ನಿಷ್ಠೆಯ ಕೆಲಸವಿತ್ತು ಎಂಬುದನ್ನು ಯಾರೂ ನೆನೆಯಲಿಲ್ಲ.

ಕಾವಲುಗಾರನ ಸ್ಥಿತಿ ಇನ್ನೂ ಚಿಂತಾಜನಕ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಮಂಜೂರಾದ 1,063 ಹುದ್ದೆಗಳಲ್ಲಿ ಭರ್ತಿಯಾಗಿದ್ದುದು 553 ಮಾತ್ರ ಎಂದು ಸಂಸದೀಯ ಸ್ಥಾಯಿ ಸಮಿತಿ 2025ರ ಆಗಸ್ಟ್‌ನ ತನ್ನ ವರದಿಯಲ್ಲಿ ದಾಖಲಿಸಿತು. ಅರ್ಧದಷ್ಟು ನಿರೀಕ್ಷಕರಿಲ್ಲದ ಇಲಾಖೆ ಕಡತ ನೋಡಬಲ್ಲದು, ಹ್ಯಾಂಗರ್ ನೋಡಲಾರದು. ಇದರ ಜೊತೆಗೆ ಹೊಸ ಪೀಡೆಯೊಂದು ಸೇರಿದೆ. ಎಡಿಎಸ್-ಬಿ ತನ್ನ ಸ್ಥಾನವನ್ನು ತಿಳಿಯುವುದು ಉಪಗ್ರಹ ಸಂಕೇತಗಳಿಂದ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ ಸಂಕೇತಗಳಿಗೆ ಅಡ್ಡಿಯಾದ 465 ಪ್ರಕರಣಗಳು ವರದಿಯಾದವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಸಾಧನ ಸರಿಯಿದ್ದೂ ಅದು ಹೇಳುವುದು ಸುಳ್ಳಾಗಬಹುದಾದ ಕಾಲದಲ್ಲಿ, ಸಾಧನವಾದರೂ ಸರಿಯಿದೆ ಎಂಬ ಖಾತರಿ ಬೇಡವೇ?

ಮಾಡಬೇಕಾದದ್ದು

ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ವಿಮಾನದ ಬಿಡಿಭಾಗಗಳ ಜೊತೆಗೆ ಪರೀಕ್ಷಾ ಉಪಕರಣಗಳ ಮೇಲೂ ಏಕರೂಪದ ಶೇ 5ರ ತೆರಿಗೆ ಜಾರಿಗೊಳಿಸಿದ್ದು ಸರಿಯಾದ ಹೆಜ್ಜೆ. ಆದರೆ ಉಪಕರಣ ಅಗ್ಗವಾದ ಮಾತ್ರಕ್ಕೆ ಪರೀಕ್ಷೆ ಪ್ರಾಮಾಣಿಕವಾಗುವುದಿಲ್ಲ. ಖರ್ಚು ಕಡಿಮೆಯಿರುವ ನಾಲ್ಕು ಕ್ರಮಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ.

ಮೊದಲನೆಯದಾಗಿ, ಸಂತೆಯಲ್ಲೇ ತಕ್ಕಡಿ ನೋಡುವ ವಿಧಾನ. ದೇಶದ ರೇಡಾರ್‌ಗಳು ಮತ್ತು ಎಡಿಎಸ್-ಬಿ ನೆಲೆಗಳು ಪ್ರತಿ ವಿಮಾನದ ಮಾತನ್ನೂ ದಿನವಿಡೀ ಕೇಳುತ್ತಿರುತ್ತವೆ. ಆ ಮಾಹಿತಿಯನ್ನು ರಾತ್ರಿ ಕಂಪ್ಯೂಟರ್‌ನಲ್ಲಿ ಜರಡಿ ಹಿಡಿದರೆ ಯಾವ ವಿಮಾನದ ವಿಳಾಸ ತಪ್ಪಿದೆ, ಯಾವುದರ ಸಂಕೇತ ಆಗಾಗ ಕಡಿದುಹೋಗುತ್ತಿದೆ, ಯಾವುದು ಮೂಕವಾಗಿದೆ ಎಂದು ಬೆಳಗಾಗುವುದರೊಳಗೆ ತಿಳಿಯುತ್ತದೆ. ಅಮೆರಿಕದಲ್ಲಿ ವಿಮಾನದ ಮಾಲೀಕರು ತಮ್ಮ ಎಡಿಎಸ್-ಬಿ ಹೇಗೆ ಕೆಲಸ ಮಾಡಿತೆಂಬ ವರದಿಯನ್ನು ಉಚಿತವಾಗಿ ಪಡೆಯಬಹುದು. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರು ಇರುವ ದೇಶಕ್ಕೆ ಇದು ಅಸಾಧ್ಯವೇನಲ್ಲ.

ಎರಡನೆಯದಾಗಿ, ನೆಲದ ಮೇಲಿನ ಪ್ರತಿ ಪರೀಕ್ಷೆಗೂ ಮುನ್ನ ನಿಯಂತ್ರಣ ಕೇಂದ್ರಕ್ಕೆ ತಿಳಿಸುವುದು, ಆಂಟೆನಾ ಮುಚ್ಚುವುದು ಮತ್ತು ಕೆಲಸ ಮುಗಿದ ಮೇಲೆ ಸಾಧನ ಮತ್ತೆ ಸರಿಯಾದ ಸ್ಥಿತಿಗೆ ಬಂದಿದೆಯೆಂದು ಇನ್ನೊಬ್ಬರು ಸಹಿ ಮಾಡುವುದು ಎಲ್ಲೆಡೆ ರೂಢಿಯಾಗಬೇಕು. ತರಬೇತಿ ಶಾಲೆಗಳು ಮತ್ತು ಹೆಲಿಕಾಪ್ಟರ್ ನಿರ್ವಾಹಕರ ಹ್ಯಾಂಗರ್‌ಗಳಿಗೂ ನಿರೀಕ್ಷಕರು ಮುನ್ಸೂಚನೆಯಿಲ್ಲದೆ ಹೋಗಬೇಕು.

ಮೂರನೆಯದಾಗಿ, ಒಂದೇ ವಿಮಾನದಲ್ಲಿ ಒಂದೇ ದೂರು ಮರುಕಳಿಸಿದರೆ ಬರಿಯ ಪೆಟ್ಟಿಗೆ ಬದಲಾವಣೆಯನ್ನು ಪರಿಹಾರವೆಂದು ಒಪ್ಪಬಾರದು. ಕೇಬಲ್‌ನಿಂದ ಆಂಟೆನಾವರೆಗೆ ಪರಿಶೀಲನೆ ಕಡ್ಡಾಯವಾಗಬೇಕು. ಅದಕ್ಕೆ ಬೇಕಾದ ಸಮಯವನ್ನು ಸಂಸ್ಥೆ ಕೊಡಬೇಕು. ಬೆಳಗಿನ ಹಾರಾಟ ತಡವಾದರೆ ಪ್ರಯಾಣಿಕರಾದ ನಾವೂ ಸ್ವಲ್ಪ ಸಹನೆ ಕಲಿಯಬೇಕು.

ನಾಲ್ಕನೆಯದಾಗಿ, ಸೇನೆ ಮತ್ತು ನಾಗರಿಕ ವಿಮಾನಗಳು ಒಂದೇ ಆಕಾಶ ಹಂಚಿಕೊಳ್ಳುವ ಕಡೆ ಪರಸ್ಪರ ಮಾಹಿತಿಯ ಒಪ್ಪಂದ ಬಿಗಿಯಾಗಬೇಕು. ಯಲಹಂಕದ ವಾಯುನೆಲೆ, ಎಚ್‌ಎಎಲ್ ವಿಮಾನ ನಿಲ್ದಾಣ, ಜಕ್ಕೂರು ಮತ್ತು ದೇವನಹಳ್ಳಿ ಇವೆಲ್ಲ ಕೆಲವೇ ನಿಮಿಷಗಳ ಹಾರಾಟದ ಅಂತರದಲ್ಲಿರುವ ನಮ್ಮ ನಗರಕ್ಕೆ ವಾಷಿಂಗ್ಟನ್‌ನ ಪಾಠ ದೂರದ್ದಲ್ಲ. ದೇಶದ ರಕ್ಷಣೆಗಾಗಿ ಕೆಲವೊಮ್ಮೆ ಮೌನ ಅನಿವಾರ್ಯ. ಆದರೆ ಆ ಮೌನ ಉದ್ದೇಶಪೂರ್ವಕವೋ, ಕೆಟ್ಟ ಸಾಧನದ ಮೌನವೋ ಎಂಬುದು ಒಬ್ಬರಿಗಾದರೂ ಗೊತ್ತಿರಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆ ಏಳಬಹುದು. ಹೊಸ ಟರ್ಮಿನಲ್‌ಗಳ ಅಮೃತಶಿಲೆಗೆ, ಕಾರಂಜಿಗೆ ಹಣ ಹೊಂದಿಸುವವರಿಗೆ ಖಾಲಿ ಬಿದ್ದ ನಿರೀಕ್ಷಕರ ಹುದ್ದೆಗಳ ಸಂಬಳ ದೊಡ್ಡ ಹೊರೆಯಾಗಲಾರದು. ಕೊರತೆ ಹಣದ್ದಲ್ಲ, ಆದ್ಯತೆಯದು. ಉದ್ಘಾಟನೆಯ ಫಲಕ ಹಾಕಲು ಬಾರದ ಕೆಲಸಗಳು ನಮ್ಮ ಮುಂಗಡಪತ್ರಗಳಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲೇ ಕೂರುತ್ತವೆ. ಆದರೆ ಚರ್ಖಿ ದಾದ್ರಿಯ ಹೊಲಗಳಲ್ಲಿ 349 ಮಂದಿಯ ಪ್ರಾಣ ತೆತ್ತು ನಾವು ಕೊಂಡ ನಿಯಮ, ತಪಾಸಣೆಯಿಲ್ಲದೆ ಕಾಗದದ ಮೇಲಿನ ಅಕ್ಷರವಾಗಿ ಉಳಿದರೆ ಅದಕ್ಕೆ ನಾವು ಮತ್ತೊಮ್ಮೆ ಬೆಲೆ ತೆರಬೇಕಾದೀತು.